ದೊಡ್ಡವ್ವನ ಪದದಲ್ಲಿ ಬಿದ್ದ ಸಿಪಾಯಿ

ಅಮಾವಾಸ್ಯೆಯ ದಿನ ಬೆಳಗಾವಿಯ ಶಹಾಪುರದಲ್ಲಿ ಮಗ್ಗ ನಡೆಯುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಆ ಓಣಿಯಲ್ಲಿ ಮಾತಾಡಬೇಕಾದರೆ ಎದುರಿನವರ ಕಿವಿಗೆ ಬಾಯಿ ಹಚ್ಚಬೇಕು. ಅಮಾವಾಸ್ಯೆಗೆ ಮಾತ್ರ ನಾಲ್ಕು ಮನೆ ಆಚೆಗಿನ ಒಗ್ಗರಣೆಯ ಸದ್ದೂ ಕೇಳುತ್ತಿತ್ತು. ಅಂಥ ಮಧ್ಯಾಹ್ನಗಳಲ್ಲಿ ಒಬ್ಬ ನೇಕಾರರ ಮನೆಯ ಮುಂದಿನ ಕೋಣೆಯಲ್ಲಿ, ನಿಂತ ಮಗ್ಗದ ಪಕ್ಕ ಚಾಪೆ ಹಾಸಿಕೊಂಡು, ನಾವು ಕೆಲವರು ಪದ ಕಟ್ಟುವವರು ಕೂಡುತ್ತಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು.

ಮನೆಯ ಯಜಮಾನರಾದ ನೇಕಾರರು ಎಲ್ಲರಿಗಿಂತ ಹಿರಿಯರು. ಗೀಗೀ ಪದದವರು, ದಪ್ಪು ಕೈಯಲ್ಲಿಲ್ಲದಿದ್ದರೆ ಮಗ್ಗದ ಹಲಗೆಯ ಮೇಲೆಯೇ ಬೆರಳಾಡಿಸುತ್ತಿದ್ದರು. ಇನ್ನೊಬ್ಬರು ಕ್ಯಾಂಪಿನಲ್ಲಿ ಅಂಗಡಿ ಇಟ್ಟಿದ್ದ ದರ್ಜಿ. ಸಿಪಾಯಿಗಳ ಪ್ಯಾಂಟು ಬಿಗಿ ಮಾಡಿ ಸಡಿಲ ಮಾಡಿ ಬದುಕುವವರು, ರಜೆಯ ದಿನವೂ ಅಳತೆಯ ಟೇಪು ಕೊರಳಲ್ಲೇ ಇರುತ್ತಿತ್ತು. ಮನೆಯಲ್ಲಿ ದಖನಿ ಆಡುತ್ತಿದ್ದರೂ ಪದ ಕಟ್ಟುತ್ತಿದ್ದುದು ಕನ್ನಡದಲ್ಲಿ. ರಿವಾಯತ್ ಪದ, ಅಂದರೆ ಮೊಹರಂನಲ್ಲಿ ಹಾಡುವ ಕರ್ಬಲಾ ಯುದ್ಧದ ಶೋಕದ ಹಾಡು. ಅವರ ತಂದೆ ಅದನ್ನೇ ಕಟ್ಟುತ್ತಿದ್ದರು, ಅಜ್ಜನೂ ಅದನ್ನೇ. ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ಯುವ ಗೆಳೆಯನೊಬ್ಬ ಬರುತ್ತಿದ್ದ. ಮರಾಠಿಯಲ್ಲಿ ಪದ ಕಟ್ಟಿ ಕನ್ನಡದಲ್ಲಿ ಜಗಳ ತೆಗೆಯುವವ. ಉಳಿದವನು ನಾನು. ಹೈಸ್ಕೂಲು ಮಾಸ್ತರ. ಪತ್ರಿಕೆಗಳಿಗೆ ಪ್ರಾಸವಿಲ್ಲದ, ಬಹಳ ಸಲ ತಲೆಬುಡವೂ ಇಲ್ಲದ ಕವಿತೆ ಕಳಿಸುತ್ತಿದ್ದೆ. ಅದನ್ನು ಅವರೆಲ್ಲ ಒಂದು ಕಾಯಿಲೆಯೆಂದು ತಿಳಿದು ನನ್ನನ್ನು ಕ್ಷಮಿಸಿದ್ದರು.

ನಮ್ಮ ಕೂಟಕ್ಕೆ ಒಂದು ರೀತಿ ಇತ್ತು. ಹೊಸ ಪದ ತಂದವರು ಅದನ್ನು ಒಮ್ಮೆ ಹಾಡಿ ಸುಮ್ಮನಾಗಬೇಕು. ಆಮೇಲೆ ಉಳಿದವರು ಒಬ್ಬರಾದ ಮೇಲೊಬ್ಬರು, ಅಲ್ಲೇ, ಆಗಲೇ, ತಮ್ಮ ತಮ್ಮ ಧಾಟಿಯಲ್ಲಿ ಅದಕ್ಕೊಂದು ನುಡಿ ಕೂಡಿಸಬೇಕು. ಕೂಡಿಸದಿದ್ದರೆ ಬಡಿಸಿದ ಎಲೆ ಮುಟ್ಟದೆ ಎದ್ದಂತೆ. ಸುತ್ತಿನ ಕೊನೆಯವರು ಪದ ಮುಗಿಸಬೇಕು. ಒಮ್ಮೆ ಬಾಯಿಂದ ಬಿದ್ದ ನುಡಿಯನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಬೇಡವಾಗಿದ್ದರೆ ಇನ್ನೊಂದು ನುಡಿ ಕಟ್ಟಿ ಅದಕ್ಕೆ ಉತ್ತರ ಕೊಡಬೇಕು.

ಖಾನಾಪುರದಲ್ಲಿ ನನ್ನ ದೊಡ್ಡವ್ವ ಇದ್ದಳು, ತಾಯಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಒಂದಿಷ್ಟು ಭತ್ತದ ಗದ್ದೆ, ಒಂದು ಎಮ್ಮೆ, ಒಬ್ಬನೇ ಮಗ. ಆ ಮಗ ಬೆಳಗಾವಿಗೆ ಸಿನಿಮಾ ನೋಡಲು ಹೋಗುತ್ತೇನೆಂದು ಹೇಳಿ ಬಂದು, ಭರತಿಯ ಸಾಲಿನಲ್ಲಿ ನಿಂತು, ಎದೆ ಅಳೆಸಿಕೊಂಡು ಫೌಜಿಗೆ ಸೇರಿಬಿಟ್ಟಿದ್ದ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಪೂರ್ವದ ಗಡಿಯಲ್ಲಿ ಎಲ್ಲೋ ಇದ್ದ. ಯುದ್ಧ ಬೇಗ ಮುಗಿಯಿತು. ಬೆಳಗಾವಿಯಲ್ಲಿ ಪೇಢೆ ಹಂಚಿದರು, ಪಟಾಕಿ ಹಾರಿಸಿದರು. ಆದರೆ ಅವನಿಂದ ಒಂದು ಕಾಗದವೂ ಬರಲಿಲ್ಲ.

"ತಂತಿ ಬಂದಿಲ್ಲ ಅಂದ್ರ ಅದಾನ" ಎನ್ನುತ್ತಿದ್ದಳು ದೊಡ್ಡವ್ವ. ಅದನ್ನು ಕನ್ನಡದಲ್ಲಿ ನನಗೆ ಹೇಳಿ, ಮರಾಠಿಯಲ್ಲಿ ಪಕ್ಕದ ಮನೆಯವರಿಗೆ ಹೇಳಿ, ಮತ್ತೆ ಕನ್ನಡದಲ್ಲಿ ಎಮ್ಮೆಗೂ ಹೇಳುತ್ತಿದ್ದಳು. ಅತ್ತದ್ದನ್ನು ನಾನು ನೋಡಲಿಲ್ಲ. ಬೀಸುಕಲ್ಲಿನ ಮುಂದೆ ಕೂತು ಅವಳು ಒಂದು ಪದ ಕಟ್ಟಿದ್ದಳು.

"ನೀ ಹೋಗ್ತೀಯಲ್ಲ, ಪದಾ ಕಟ್ಟೋ ಮಂದಿ ಕಡೆ. ಅವರಿಗಿ ಕೇಳಸಬೇಕು" ಎಂದಳು ಒಂದು ಭಾನುವಾರ.

"ಬರಕೊಂಡ ಹೋಗಿ ನಾನ ಹಾಡತೇನಿ ತಗೋ ದೊಡ್ಡವ್ವ."

"ನೀ ಹಾಡಿದ್ರ ಎಮ್ಮಿ ಹಾಲ ತಡದೀತು. ನಾನ ಬರ್ತೇನಿ."

ಸಂಕ್ರಾಂತಿಯ ಆಸುಪಾಸಿನ ಅಮಾವಾಸ್ಯೆ ಅದು. ಬೆಳಗಿನ ಬಸ್ಸಿಗೆ ಬಂದಳು, ಸೆರಗಿನ ಗಂಟಿನಲ್ಲಿ ಅವಲಕ್ಕಿ ಕಟ್ಟಿಕೊಂಡು. ನೇಕಾರರ ಮನೆಯಲ್ಲಿ ಗಂಡಸರ ನಡುವೆ ಕೂರಲು ಸಂಕೋಚಪಟ್ಟಳೆಂದು ನನಗೆ ನೆನಪು. ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ನಾನು ಕಂಡ ಹಾಗೆ ಅವಳು ಯಾವತ್ತೂ ಎಲ್ಲಿಯೂ ಸಂಕೋಚಪಟ್ಟವಳಲ್ಲ. ಸಂಕೋಚ ನನಗೇ ಆಗಿದ್ದಿರಬೇಕು. ನನ್ನ ಮನೆಯ ಹೆಂಗಸಿನ ಪದಕ್ಕೆ ಇವರು ಏನನ್ನುವರೋ ಎಂದು.

ಅವಳು ಗೋಡೆಗೆ ಒರಗದೆ ಕೂತು, ಮುಂದೆ ಕಲ್ಲು ಇದ್ದಂತೆ ಬಲಗೈ ತಿರುಗಿಸುತ್ತ ಹಾಡಿದಳು.

ದೂರ ಗಡಿಯಾಗ ಹೂಡ್ಯಾರ ಗುಂಡಿನ ನೇಗಿಲ
ಸಾಲ ಹೊಡದಾರ, ಬಿತ್ಯಾರ, ಏನ ಬೆಳಿತೈತಿ
ಹೇಳ ಬಾ ಮಗನ ಸುಗ್ಗಿಗೆ.

ಬೂಟ ಹಾಕ್ಕೊಂಡ ಹೋದಿ, ಕಾಲ್ಮರಿ ಮನ್ಯಾಗ ಬಿಟ್ಟಿ
ಕಾಲ್ಮರಿ ಕಂಡ್ರ ನಾಯಿ ಬಾಲ ಆಡಸತೈತಿ
ಯಾರ ಬಂದಾರಂತ ಹೇಳಲೇನ.

ಇನ್ನೂ ನುಡಿಗಳಿದ್ದವು. ಅವು ನನ್ನಲ್ಲಿ ಉಳಿದಿಲ್ಲ. ಉಳಿದಿವೆ ಎಂದು ನಟಿಸಿ ಈಗ ಕೂತು ಕಟ್ಟಬಹುದು, ಅದು ನನಗೆ ಕಷ್ಟವಲ್ಲ, ಅದಕ್ಕೇ ಕಟ್ಟುವುದಿಲ್ಲ. ಕೊನೆಯಲ್ಲಿ ಮಗ ಗಡಿಯಲ್ಲಿ ಪಹರೆ ನಿಂತಿದ್ದಾನೆ, ಎಮ್ಮೆ ಕರು ಹಾಕಿತೇ ಎಂದು ಗಾಳಿಯನ್ನು ಕೇಳುತ್ತಿದ್ದಾನೆ. ಅಲ್ಲಿಗೆ ಅವಳು ಸುಮ್ಮನಾದಳು.

"ಮುಕ್ತಾಯದ ನುಡಿ ಎಲ್ಲಿ ಐತಿ ತಂಗಿ?" ಎಂದರು ನೇಕಾರರು.

"ಅವ ಬಂದ ಮ್ಯಾಲ ಹಾಕಿದ್ರಾತು ಅಣ್ಣಾರ."

"ಖರೇ ಐತಿ. ಸುತ್ತ ಹಾಕೂಣು, ಮುಕ್ತಾಯ ಮಾಡೂದ ಬ್ಯಾಡ" ಎಂದು ನೇಕಾರರು ಎಲ್ಲರಿಗೂ ಕೇಳುವಂತೆ ಹೇಳಿ, ತಾವೇ ಮೊದಲು ಎತ್ತಿಕೊಂಡರು. ಗಡಿಯ ಗುಡ್ಡದ ಮ್ಯಾಲ ಹುಲಿಯಂಥ ಹುಡುಗ ಎದ್ದು ನಿಂತ, ವೈರಿಗಳು ದಿಕ್ಕಾಪಾಲ. ಫೌಂಡ್ರಿಯ ಗೆಳೆಯ ಮರಾಠಿಯಲ್ಲಿ ಒಂದು ನುಡಿ ಹಾಕಿದ. ಅವನ ಸಿಪಾಯಿ ಯುದ್ಧದ ನಡುವೆ ಊರಿನ ಹುಡುಗಿಯನ್ನು ನೆನೆದ. "ಅಂಥಾ ಹುಡುಗಿ ಯಾರೂ ಇಲ್ಲ" ಎಂದು ದೊಡ್ಡವ್ವ ಮರಾಠಿಯಲ್ಲೇ ಗದರಿದಳು. ಎಲ್ಲರೂ ನಕ್ಕರು. ನಾನೂ ಏನೋ ಒಂದು ಸೇರಿಸಿದೆ. ಕೊನೆಯ ಸರದಿ ದರ್ಜಿಯದು.

ಅವರು ಹಾಡುವಾಗ ಕಣ್ಣು ಮುಚ್ಚುತ್ತಿದ್ದರು. ದನಿ ಒಂದೇ ಎಳೆತದಲ್ಲಿ ಮೇಲೆ ಹೋಗಿ ಅಲ್ಲಿಂದ ಮೆಲ್ಲಗೆ ಇಳಿಯುತ್ತಿತ್ತು.

ನೀರಿನ ದಂಡಿಗೆ ನಿಂತಾನ, ನೀರ ಕುಡೀಲಿಲ್ಲ
ಮಾರಿ ಮಣ್ಣಿಗೆ ಕೊಟ್ಟಾನ, ಮನಿ ಕಡೆ ಬೆನ್ನ ಕೊಟ್ಟಾನ
ತಾಯಿ ಹಾಲಿನ ಹಂಗ ಹರದಾನ.

ಜೀ ಜೀ ಎಂದೆವು ನಾವೆಲ್ಲ, ತಲೆದೂಗುತ್ತ. ಎಷ್ಟು ಚೆನ್ನಾಗಿತ್ತೆಂದರೆ ಏನಾಯಿತೆಂದು ತಿಳಿಯುವ ಮೊದಲೇ ಜೀ ಜೀ ಎಂದಾಗಿತ್ತು.

ಅವರ ಮನೆತನದ ಹಾಡಿನಲ್ಲಿ ಯುದ್ಧಕ್ಕೆ ಹೋದವರು ಯಾರೂ ತಿರುಗಿ ಬರುವುದಿಲ್ಲ. ಬಾಯಾರಿ ನಿಲ್ಲುತ್ತಾರೆ, ನೀರು ಸಿಗುವುದಿಲ್ಲ, ಬೀಳುತ್ತಾರೆ. ಮೂರು ತಲೆಮಾರಿನಿಂದ ಆ ಧಾಟಿ ಇಳಿಯುವ ದಾರಿ ಅದೊಂದೇ. ಮುಕ್ತಾಯ ಬೇಡವೆಂದದ್ದನ್ನು ಅವರೂ ಕೇಳಿದ್ದರು. ಕಣ್ಣು ಮುಚ್ಚಿದ ಮೇಲೆ ಧಾಟಿ ತಾನೇ ನಡೆದು ಹೋಗಿತ್ತು.

ದೊಡ್ಡವ್ವ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದಳು. ಬಸಿ ಕೆಳಗಿಟ್ಟು, "ಚಲೋ ಕಟ್ಟಿದ್ರಿ ಅಣ್ಣಾರ. ಆದ್ರ ನನ್ನ ಮಗ ಇನ್ನೂ ಅದಾನ್ರಿ" ಎಂದಳು.

ದರ್ಜಿ ಕಣ್ಣು ತೆರೆದರು. "ಯಾ ಅಲ್ಲಾ, ಮೈ ಕ್ಯಾ ಕರ್‍ಯಾ" ಎಂದರು ತಮಗೆ ತಾವೇ, ಏನು ಮಾಡಿಬಿಟ್ಟೆನೆಂದು. ಟೇಪಿನ ಎರಡು ತುದಿ ಹಿಡಿದು ಕೊರಳು ಬಿಗಿಯುವಂತೆ ಜಗ್ಗಿದರು.

"ಅದನ್ನ ತಗದ ಬಿಡೂಣ್ರಿ" ಎಂದ ಫೌಂಡ್ರಿಯ ಗೆಳೆಯ. "ನಾವ್ಯಾರೂ ಕೇಳೇ ಇಲ್ಲ ಅಂದ್ರ ಮುಗೀತು."

"ಕೇಳೇವಲ್ಲಪ. ಜೀ ಜೀ ಬ್ಯಾರೆ ಅಂದೇವಿ" ಎಂದರು ನೇಕಾರರು.

ಮಣ್ಣಿಗೆ ಮುಖ ಕೊಟ್ಟ ಎಂದರೆ ಸತ್ತ ಎಂದೇ ಅಲ್ಲ, ಅದನ್ನು ಬೇರೆ ರೀತಿಯಲ್ಲೂ ತಿಳಿಯಬಹುದು ಎಂದು ನಾನು ಬಾಯಿ ಹಾಕಿದೆ.

"ಮಾಸ್ತರ, ನಿಮ್ಮ ಅರ್ಧಮರ್ಧ ಸಾಯೂದು ಪತ್ರಿಕ್ಯಾಗ ಇರ್‍ಲಿ" ಎಂದರು ನೇಕಾರರು. "ನಮ್ಮಲ್ಲಿ ಬಿದ್ದವ ಬಿದ್ದಂಗ."

ದೊಡ್ಡವ್ವನೇ ನಡುವೆ ಬಂದಳು. "ತಗೀಬ್ಯಾಡ್ರಿ. ನುಡಿ ಚಂದ ಐತಿ. ಬೀಳಿಸಿದವರ ಎಬ್ಬಸಬೇಕು. ದರ್ಜಿ ಅಣ್ಣಾರ, ನೀವ ಅವನ್ನ ಎಬ್ಬಸ್ರಿ. ಆಮ್ಯಾಲ ಎಲ್ಲಾರೂ ಕೂಡಿ ಖಾನಾಪುರಕ್ಕ, ನನ್ನ ಮನಿ ತನಕ ಕರಕೊಂಡ ಬರ್ರಿ. ಒಂದ ನುಡ್ಯಾಗ ಹಾರಿಸಿಕೊಂಡ ಬರಬ್ಯಾಡ್ರಿ ಮತ್ತ. ಅವ ಹೋದ ದಾರಿ ಉದ್ದ ಐತಿ."

ದರ್ಜಿ ತಲೆ ತಗ್ಗಿಸಿ ಆಗಲಿ ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು ನಿಂತಳು. ಬಸ್ಸು ಬರುವ ತನಕ ಬಿಡಲಿಲ್ಲ.

"ಪದದಾಗ ಅಂದಿದ್ದ ಹತ್ತತೈತೇನೋ?" ಎಂದಳು.

"ಇಲ್ಲ ದೊಡ್ಡವ್ವ, ಹಂಗೆಲ್ಲ ಏನೂ ಇಲ್ಲ."

"ಹತ್ತೂದಿಲ್ಲಂದ್ರ ಕಟ್ಟೂದರ ಯಾಕ?"

ನಾನು ಆಗ ಹಲವು ಉತ್ತರಗಳಿದ್ದ ವಯಸ್ಸಿನಲ್ಲಿದ್ದೆ. ಬಸ್ಸು ಬಂತು, ಅವಳನ್ನು ಹತ್ತಿಸಿದೆ.

ಮುಂದಿನ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ದರ್ಜಿಯ ಅಂಗಡಿಗೆ ಹೋಗುತ್ತಿದ್ದೆ. ಮಿಷನ್ನಿನ ಕಾಲು ತುಳಿಯುತ್ತ ತುಳಿಯುತ್ತ ನಿಲ್ಲಿಸಿಬಿಡುತ್ತಿದ್ದರು. "ಮಾಸ್ತರ, ನನ್ನ ಪದದಾಗ ಇಲ್ಲೀತನಕ ಒಬ್ಬರೂ ಎದ್ದಿಲ್ಲ. ನಮ್ಮಪ್ಪನ ಪದದಾಗೂ ಎದ್ದಿಲ್ಲ. ಎಬ್ಬಸೂದ ಹೆಂಗ ಅಂತ ಯಾರನ್ನ ಕೇಳಲಿ?" ಆ ವಾರ ಒಬ್ಬ ಹವಾಲ್ದಾರನ ಪ್ಯಾಂಟು ಗಿಡ್ಡ ಮಾಡಿ ಬೈಸಿಕೊಂಡರು. ಬೈದ ಹವಾಲ್ದಾರನನ್ನೇ ಚಹಾಕ್ಕೆ ಕೂರಿಸಿಕೊಂಡು, ಮೂರ್ಛೆ ಹೋದವನಿಗೆ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಹವಾಲ್ದಾರ ವಿವರವಾಗಿ ಹೇಳಿದ. ಅದು ಯಾವ ಧಾಟಿಗೂ ಹೊಂದಲಿಲ್ಲ.

ಮುಂದಿನ ಅಮಾವಾಸ್ಯೆಗೆ ಬರಿಗೈಯಲ್ಲಿ ಬಂದರು. ಮೊಹರಂ ಮುಗಿಯುವ ತನಕ ಅವಕಾಶ ಕೊಡಿ ಎಂದರು. ನಾನು ಭಾನುವಾರ ಖಾನಾಪುರಕ್ಕೆ ಹೋದೆ. ದೊಡ್ಡವ್ವ ಸಗಣಿಯ ಕೈ ತೊಳೆಯುತ್ತಿದ್ದಳು.

"ಎಲ್ಲಿಗಿ ಬಂದ?"

"ಇನ್ನೂ ಅಲ್ಲೇ ಅದಾನ."

"ಮಾರಿ ಮಣ್ಣಾಗ?"

"ಹೂಂ."

"ಥಂಡಿ ಆಗತಿರಬೇಕು" ಎಂದು ಒಳಗೆ ಹೋದಳು.

ಅವಳು ಪದದ ಮಗನನ್ನೂ ಹೆತ್ತ ಮಗನನ್ನೂ ಒಂದೇ ಎಂದು ತಿಳಿದಿದ್ದಳೆಂದು ಯಾರೂ ಅಂದುಕೊಳ್ಳಬಾರದು. ಅವಳಷ್ಟು ಲೆಕ್ಕದ ಹೆಂಗಸು ಅವಳ ಓಣಿಯಲ್ಲಿ ಇರಲಿಲ್ಲ. ಪೋಸ್ಟ್‌ಮನ್ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅವನು ಮುಂದೆ ಹೋದ ಮೇಲೆ ಎದ್ದು ಕೆಲಸಕ್ಕೆ ಹತ್ತುತ್ತಿದ್ದಳು. ಒಬ್ಬ ಮಗನ ಬಗ್ಗೆ ಅವಳಿಗೆ ಏನೂ ಮಾಡಲು ಬರುವಂತಿರಲಿಲ್ಲ. ಇನ್ನೊಬ್ಬನ ಬಗ್ಗೆ ನಾಲ್ಕು ಜನರನ್ನು ಕೆಲಸಕ್ಕೆ ಹಚ್ಚಿದ್ದಳು.

ಮೊಹರಂ ಬಂತು. ದರ್ಜಿ ಆ ವರ್ಷವೂ ಹಾಡಿದರು. ಎಂದಿನಂತೆಯೇ ಹಾಡಿದರು, ಜನ ಎಂದಿನಂತೆಯೇ ಅತ್ತರು. ಅವರ ಓಣಿಯ ಬಾಯಲ್ಲಿ ಹಾದುಹೋಗುವವರಿಗೆಲ್ಲ ಶರಬತ್ತು ಕೊಡುತ್ತಿದ್ದರು. ನನಗೂ ಒಂದು ಗ್ಲಾಸು ಕೊಟ್ಟು, ನಾನು ಕುಡಿಯುವುದನ್ನೇ ನೋಡುತ್ತ ನಿಂತಿದ್ದರು. ಯಾಕೆ ಹಾಗೆ ನೋಡುತ್ತಿದ್ದಾರೆಂದು ತಿಳಿಯಲಿಲ್ಲ.

ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. "ಇವತ್ತ ನನಗ ಕೊನೀ ಸರದಿ ಕೊಡಬ್ಯಾಡ್ರಿ. ಮೊದಲ ಹಾಡಿ ಕೈ ತೊಳಕೊಂಡ ಬಿಡತೇನಿ" ಎಂದರು. ಈ ಸಲ ಕಣ್ಣು ಮುಚ್ಚಲಿಲ್ಲ. ಅದೇ ಧಾಟಿ, ಅದೇ ಶೋಕದ ಎಳೆತ.

ಯಾವೂರ ತಾಯೇನೊ, ಕೊಡ ಹೊತ್ತ ಬಂದಾಳ
ಯಾವ ದಂಡಿನವ ಅಂತ ಕೇಳಲಿಲ್ಲ, ಬಾಯಿಗೆ
ಬೊಗಸಿ ನೀರ ಹಿಡದಾಳ.

ಯಾರೂ ಜೀ ಜೀ ಎನ್ನಲಿಲ್ಲ. ಆ ಧಾಟಿಯಲ್ಲಿ ನೀರು ಸಿಕ್ಕಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹಾಡಿದವರೂ ಕೇಳಿರಲಿಲ್ಲ.

"ತಪ್ಪಾತೇನ್ರಿ ಕಾಕಾ?" ಎಂದು ದರ್ಜಿ ನೇಕಾರರ ಮುಖ ನೋಡಿದರು. "ಭಾಳ ಇಚಾರ ಮಾಡಿದೆ. ಕರ್ಬಲಾದಾಗ ಅವರಿಗಿ ನೀರ ಸಿಗಲಿಲ್ಲ ಅಂತನ ನಾವು ಹಾದಿ ಮ್ಯಾಲ ನಿಂತ ಎಲ್ಲಾರಿಗೂ ಕುಡಸತೇವಿ. ಹಾದ್ಯಾಗ ಕುಡಸಾಕ ಬರ್ತೈತಿ ಅಂದ್ರ ಪದದಾಗ ಯಾಕ ಕುಡಸಬಾರದು? ಈ ಹುಡುಗ ಕರ್ಬಲಾದವ ಅಲ್ಲ. ಖಾನಾಪುರದವ."

ನೇಕಾರರು ಅವರ ತೊಡೆ ತಟ್ಟಿ, "ಎದ್ದ ಬಿಡಪ. ಎದ್ದ" ಎಂದರು. ದರ್ಜಿ ಕೊರಳ ಟೇಪಿನಿಂದಲೇ ಬೆವರು ಒರೆಸಿಕೊಂಡರು.

ಆ ನುಡಿಯನ್ನು ನಾನು ದೊಡ್ಡವ್ವನಿಗೆ ಒಪ್ಪಿಸಿದೆ, ಹಾಡದೆ, ಬರೀ ಹೇಳಿ. ಅವಳು ಕೇಳಿದಳು: "ಆ ಹೆಣ್ಮಗಳು ಯಾರು?"

"ಯಾರೋ. ಗೊತ್ತಿಲ್ಲ."

"ಆಕಿ ಮಗನೂ ಎಲ್ಲ್ಯರ ಹೋಗಿರಬೇಕು. ಅದಕ್ಕ ಕೇಳಿಲ್ಲ ಆಕಿ" ಎಂದಳು. ಅವತ್ತು ನನಗೆ ಗಟ್ಟಿ ಮೊಸರು ಬಡಿಸಿದಳು.

ಎದ್ದವನನ್ನು ಕರೆತರುವುದು ಸುಲಭವೆಂದುಕೊಂಡಿದ್ದೆವು. ನೇಕಾರರು ಅವನನ್ನು ರೈಲು ಹತ್ತಿಸಿದರು. ಬೋಗಿ ತುಂಬ ಸಿಪಾಯಿಮಂದಿ, ಕಾಲು ಚಾಚಲು ಜಾಗವಿಲ್ಲ, ಟ್ರಂಕಿನ ಮೇಲೆ ಕೂತು ಬರುತ್ತಿದ್ದ. ಅವನು ಅಷ್ಟು ದೇಶ ದಾಟುವ ಹೊತ್ತಿಗೆ ನಮ್ಮ ಕೂಟದಲ್ಲಿ ಎರಡು ಜಗಳ ಬಂದವು. ಒಂದು, ಬೆಳಗಾವಿ ಮುಟ್ಟಿದಾಗ ತಾಯಿಗೆ ಕುಂದಾ ಕೊಂಡೊಯ್ಯಬೇಕೋ ಬೇಡವೋ. ಇದನ್ನು ದೊಡ್ಡವ್ವನೇ ತೀರ್ಮಾನಿಸಿದಳು: "ಕುಂದಾ ಬ್ಯಾಡ. ಚಾಪುಡಿ ತರಾಕ ಹೇಳ್ರಿ." ಎರಡನೆಯದು ದೊಡ್ಡದು. ಗಾಡಿ ಬದಲಿಸಲು ಮಿರಜದಲ್ಲಿ ಇಳಿಯಬೇಕು. ಅಲ್ಲಿ ಫೌಂಡ್ರಿಯ ಗೆಳೆಯನ ಅತ್ತೆಯ ಮನೆ ಇತ್ತು. ಹುಡುಗ ಅವರ ಮನೆಗೆ ಹೋಗಿ, ಬಿಸಿನೀರು ಹಾಕಿಸಿಕೊಂಡು, ಪುರಣಪೋಳಿ ಉಂಡೇ ಮುಂದೆ ಹೋಗಬೇಕೆಂದು ಗೆಳೆಯ ಹಟ ಹಿಡಿದ. ನುಡಿ ಕಟ್ಟಿಕೊಂಡೇ ಬಂದಿದ್ದ, ಅತ್ತೆಗೂ ಹೇಳಿಬಿಟ್ಟಿದ್ದ.

"ಅಂವ ಸಿಪಾಯಿ ಅದಾನೋ, ಮದುಮಗಾ ಅದಾನೋ?" ಎಂದರು ನೇಕಾರರು. "ತಾಯಿ ಕಾಯಾಕತ್ತಾಳ, ಇಂವ ಹೋಳಗಿ ತಿಂತಾನಂತ!"

"ಉಪಾಸ ಕಳಸೂದ ನಮ್ಮಲ್ಲಿ ಪದ್ಧತಿ ಇಲ್ರಿ ಕಾಕಾ."

ಒಬ್ಬರೂ ಸೋಲಲಿಲ್ಲ. ಹುಡುಗ ಮಿರಜದ ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕು ಇಟ್ಟುಕೊಂಡು ಕೂತೇ ಉಳಿದ.

ಅವನು ಅಲ್ಲಿ ಕೂತಿದ್ದಾಗಲೇ ನನ್ನ ಕೋಣೆಯ ಬಾಗಿಲು 'ಅಣ್ಣಾ' ಎಂದಿತು. ತೆಗೆದರೆ ದೊಡ್ಡವ್ವ ಹೆತ್ತ ಮಗ. ಕಪ್ಪಾಗಿದ್ದ, ಸೊರಗಿದ್ದ, ಹೊಸ ಮೀಸೆ ಬಂದಿತ್ತು. ಕಾಗದ ಹಾಕಿದ್ದೆ, ಎಲ್ಲಿ ಹೋದವೋ ಎಂದ.

ಎಂಬತ್ತರ ದಶಕದಲ್ಲಿ ಇದನ್ನೇ ನಾನೊಂದು ಕತೆ ಮಾಡಿದ್ದೆ. ಅದರಲ್ಲಿ ಪದದ ಮಗ ಖಾನಾಪುರದಲ್ಲಿ ಇಳಿಯುವ ಗಳಿಗೆಗೇ ನಿಜದ ಮಗನೂ ಇಳಿಯುತ್ತಾನೆ. ಓದಿದವರು ಮೆಚ್ಚಿದರು. ಅಷ್ಟರಲ್ಲಿ ಫೌಜು ಬಿಟ್ಟು ಬಂದಿದ್ದ ತಮ್ಮ, ದೊಡ್ಡವ್ವನ ಮಗ, ಓದಿ, "ಅಣ್ಣಾ, ಇದೇನ್ ಸಿನಿಮಾ ಐತೇನು? ನಾ ಬಂದಾಗ ನಿಮ್ಮ ಹುಡುಗ ಇನ್ನೂ ಮಿರಜದಾಗ ಇದ್ದ" ಎಂದ. ಅವನು ಹೇಳಿದ್ದೇ ಸರಿ. ಎರಡು ಗಡಿಯಾರ ಒಂದೇ ಸಲ ಹೊಡೆದರೆ ಕತೆಗಾರನಿಗೆ ಸುಖ, ಅಷ್ಟೇ. ಹಾಡು ಹಿಂದೆ ಬಿದ್ದಿತ್ತು, ಬದುಕು ಬೇಗ ಬಂದಿತ್ತು, ಮತ್ತು ಅದರಿಂದಲೇ ಮುಂದಿನದು ನಡೆಯಿತು.

ಅವನನ್ನು ಬಸ್ಸಿನಲ್ಲಿ ಖಾನಾಪುರಕ್ಕೆ ಕರೆದುಕೊಂಡು ಹೋದೆ. ದೊಡ್ಡವ್ವ ಬಾಗಿಲಲ್ಲಿ ನಿಂತು ಅವನ ಮುಖ ಮುಟ್ಟಿದಳು, ಹೆಗಲು ಮುಟ್ಟಿದಳು, ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಕಾಲ ತೊಳಕೋ" ಎಂದಳು. ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಪಾತ್ರೆಯ ಸದ್ದೂ ಬರಲಿಲ್ಲ.

ಊಟಕ್ಕೆ ಕೂತಾಗ ರೊಟ್ಟಿ ಹಾಕುತ್ತ ನನ್ನನ್ನು ಕೇಳಿದಳು, "ಅವ ಎಲ್ಲಿಗಿ ಬಂದ?"

"ಯಾರು?" ಎಂದ ಮಗ.

"ನೀ ಉಣ್ಣು."

"ದೊಡ್ಡವ್ವ, ಈಗರ ಬಿಡು. ಇವನ ಬಂದಾನಲ್ಲ" ಎಂದೆ ನಾನು.

"ಇವ ಬಂದಾನ. ಅವ ಇನ್ನೂ ಮಿರಜದಾಗ ಕುಂತಾನ. ಒಬ್ಬನ್ನ ಒಳಗ ಕರಕೊಂಡು ಒಬ್ಬನ್ನ ಹೊರಗ ಬಿಡಾಕ ಬರ್ತೈತೇನು?"

ಮಗನಿಗೆ ಎಲ್ಲವನ್ನೂ ಹೇಳಬೇಕಾಯಿತು. ತನ್ನನ್ನು ಕೊಂದದ್ದಕ್ಕೆ ಅವನಿಗೇನೂ ಬೇಸರವಾಗಲಿಲ್ಲ. ನೀರಿನ ನುಡಿಗೆ ಮಾತ್ರ ನಕ್ಕುಬಿಟ್ಟ. "ನೀರೇನು ಕಮ್ಮಿ ಇತ್ತ ಅಂತೀರೇನ? ಸೊಂಟದ ತನಕ ನೀರಾಗ ನಿಂತೇವಿ. ನೀರ ಸಾಕಾಗಿ ಹೋಗಿತ್ತ." ಸ್ವಲ್ಪ ಹೊತ್ತಿನ ಮೇಲೆ, "ಆದ್ರ ಆ ಮುದುಕಿದ್ದ ಇರ್‍ಲಿ ಅಣ್ಣಾ, ತಗೀಬ್ಯಾಡ್ರಿ" ಎಂದ. ಪದದಲ್ಲಿ ಮುದುಕಿ ಎಂದು ಎಲ್ಲೂ ಇರಲಿಲ್ಲ. ನಾನು ಕೇಳಲು ಹೋಗಲಿಲ್ಲ.

ಅವನ ರಜೆ ಅಮಾವಾಸ್ಯೆಯ ತನಕ ಇರಲಿಲ್ಲ. ಸುದ್ದಿ ಹೇಳಿದಾಗ ನೇಕಾರರು ತುಂಬಿದ ಮಗ್ಗ ನಿಲ್ಲಿಸಿದರು. ನಡೆಯುವ ದಿನ ಅವರು ಮಗ್ಗ ನಿಲ್ಲಿಸಿದ್ದನ್ನು ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ನಾವೆಲ್ಲ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ಮಿರಜದ ಜಗಳ ಬೆಳಗಾವಿ ಸ್ಟೇಷನ್ನಿನಲ್ಲೇ ಬಗೆಹರಿಯಿತು: ಪದದಲ್ಲಿ ಅತ್ತೆ ಮಿರಜದ ಪ್ಲಾಟ್‌ಫಾರ್ಮಿಗೇ ಬಂದು ಹೋಳಿಗೆಯ ಬುತ್ತಿ ಕೊಟ್ಟರು, ಹುಡುಗ ರೈಲಿನಲ್ಲಿ ತಿಂದ. ಗಾಡಿ ದೇಸೂರು ದಾಟುವಾಗ ಪದದಲ್ಲೂ ದೇಸೂರು ದಾಟಿಸಿದೆವು. ಕಿಟಕಿಯಾಚೆ ಏನು ಕಂಡರೂ ಒಬ್ಬರಲ್ಲ ಒಬ್ಬರು ಅದನ್ನು ನುಡಿಗೆ ಎಳೆದುಕೊಳ್ಳುತ್ತಿದ್ದರು. ಎದುರಿನ ಸೀಟಿನ ಮುದುಕ, ಯಾರ ಮದುವೆ ಎಂದು ಕೇಳಿದ.

ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ಎಲ್ಲರೂ ಕೂತರು. ಹೆತ್ತ ಮಗ ಬನಿಯನ್ನಿನಲ್ಲಿ ಕಂಬಕ್ಕೆ ಒರಗಿ, ತನ್ನನ್ನೇ ಒಂದೊಂದು ಸ್ಟೇಷನ್ ದಾಟಿಸಿ ತರುತ್ತಿದ್ದವರನ್ನು ಕೇಳಿದ. ನೇಕಾರರು ಅವನನ್ನು ಸ್ಟೇಷನ್ನಿನಿಂದ ಓಣಿಯ ತಿರುವಿಗೆ ತಂದರು. ಓಣಿಯಿಂದ ಅಂಗಳಕ್ಕೆ ತಂದವನು ಫೌಂಡ್ರಿಯ ಗೆಳೆಯ. ಕೊನೆಯ ಸರದಿಯನ್ನು ಬೇಕೆಂದೇ ದರ್ಜಿಗೆ ಬಿಟ್ಟಿದ್ದೆವು. ಅವರು ದನಿ ಎತ್ತದೆ ದೊಡ್ಡವ್ವನ ಕಡೆ ನೋಡಿದರು.

"ಒಳಗ ಕರೀಲೇನ್ರಿ ಅವ್ವಾರ?"

ದೊಡ್ಡವ್ವ ಮಗನನ್ನು ನೋಡಿದಳು. ಅಂಗಳವನ್ನು ನೋಡಿದಳು. "ತಡೀರಿ. ನಾಳಿಗಿ ಇವನ್ನ ಗಾಡಿ ಹತ್ತಿಸಿ ಬರ್ತೇನಿ. ಆಮ್ಯಾಲ ಅವನ್ನ ಒಳಗ ಕರೀರಿ."

ಮಗ ಎದ್ದು ಎಮ್ಮೆಯ ಕಡೆ ಹೋದ.

ನೇಕಾರರಿಗೆ ಮಗ್ಗ ಇತ್ತು, ಗೆಳೆಯನಿಗೆ ಪಾಳಿ ಇತ್ತು. ಅವರಿಬ್ಬರೂ ಸಂಜೆಯ ಗಾಡಿಗೆ ಹೋದರು. ಗೆಳೆಯನೂ ಮರುದಿನ ಇದ್ದನೆಂದು ನನಗೆ ಬಹಳ ವರ್ಷ ಖಾತ್ರಿಯಿತ್ತು. ಅವನೇ ಇಲ್ಲವೆಂದ ಮೇಲೆ ಬಿಟ್ಟೆ. ದರ್ಜಿ ಉಳಿದರು. ಅಂಗಡಿ ಮುಚ್ಚಿದ್ದಕ್ಕೆ ಕ್ಯಾಂಪಿನ ಗಿರಾಕಿಗಳು ಬೈಯುತ್ತಾರೆ ಎಂದೆ. "ಬೈಲಿ" ಎಂದರು.

ಮರುದಿನ ಸ್ಟೇಷನ್ನಿನಲ್ಲಿ ಮಗ ತಾಯಿಯ ಕಾಲು ಮುಟ್ಟಿ ದರ್ಜಿಯ ಕಾಲನ್ನೂ ಮುಟ್ಟಿದ. ಅವರು ಅವನ ಶರ್ಟಿನ ಹೆಗಲ ಹೊಲಿಗೆ ಸರಿಪಡಿಸಿದಂತೆ ಮಾಡಿ ಕೈ ಅಲ್ಲೇ ಇಟ್ಟರು. ಗಾಡಿ ಹೊರಟಿತು. ದೊಡ್ಡವ್ವ ಕೈ ಬೀಸಲಿಲ್ಲ, ಗಾಡಿ ಕಣ್ಣಿಗೆ ಕಾಣುವ ತನಕ ನಿಂತು ತಿರುಗಿದಳು. ಮೂವರೂ ಬಿಸಿಲಿನಲ್ಲಿ ಮನೆಗೆ ನಡೆದೆವು. ಅವಳು ಮೊದಲು ಒಳಗೆ ಹೋಗಿ, ನಡುಮನೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಳು. ದರ್ಜಿ ಮೆಟ್ಟು ಕಳಚಿ ಹೊರಗೆ ನಿಂತರು.

ಹೊಸ್ತಲ ಮುಂದ ನಿಂತಾನ, ಹೆಗಲಿನ ಟ್ರಂಕ ಇಳಿಸ್ಯಾನ
ಅವ್ವಾ ಅಂತ ಒಂದ ಕೂಗ್ಯಾನ, ಒಳಗಿಂದ
ಬಂದೆನೋ ಅಂತ ದನಿ ಬಂತ.

ಮುಗಿಯಿತೆಂದುಕೊಂಡೆ. ಆದರೆ ಅವರಿಗೆ ನಿಲ್ಲಿಸಲು ಬರಲಿಲ್ಲ. ಆ ಧಾಟಿ ಎಲ್ಲಿ ಇಳಿದು ನಿಲ್ಲುವುದೋ ಆ ಜಾಗಕ್ಕೆ ಅವರು ಅದನ್ನು ಹೋಗಗೊಡಲಿಲ್ಲ. ಬೇರೆ ಜಾಗ ಅವರಿಗೆ ಗೊತ್ತಿರಲಿಲ್ಲ. ಕೊನೆಯ ಸಾಲನ್ನೇ ಮತ್ತೆ ಎತ್ತಿಕೊಂಡರು. ಮತ್ತೆ. ದನಿ ಮೇಲೆ ಹೋಗುವುದು, ಇಳಿಯಲು ಹೊರಟು ತಡೆಯುವುದು, ಮತ್ತೆ ಮೇಲೆ ಹೋಗುವುದು. ಕಣ್ಣು ಅಗಲವಾಗಿ ತೆರೆದುಕೊಂಡು, ಒಳಗೆ ಕೂತವಳನ್ನೇ ನೋಡುತ್ತ ಹಾಡುತ್ತಿದ್ದರು.

ದೊಡ್ಡವ್ವ ಎದ್ದು ಬಾಗಿಲಿಗೆ ಬಂದಳು.

"ಸಾಕ್ರಿ ಅಣ್ಣಾರ" ಎಂದಳು. "ಬಂದ."